ಅಮಾನತು ಎಂದರೆ ಅಪಮಾನವಲ್ಲ



ಊರಿನಲ್ಲಿ ಯಾರಿಗಾದರೂ ನೌಕರಿ ಸಿಕ್ಕರೆ ಆ ಸುದ್ದಿ ನಡೆದು ಬರುತ್ತದೆ. ಇದ್ದ ನೌಕರಿ ಹೋದರೆ ಆ ಸುದ್ದಿ ಓಡಿ ಬರುತ್ತದೆ. ಚಿಕ್ಕೋಡಿಯ ಕಚೇರಿಯಲ್ಲಿ ಮುಂಜಾನೆ ಸಹಿಯಾದ ಆದೇಶ ಹೊತ್ತು ಮುಳುಗುವುದರೊಳಗೆ ಊರ ಅಗಸಿ ಮುಟ್ಟಿರುತ್ತದೆ. "ಅವನ್ನ ಸಸ್ಪೆಂಡ್ ಮಾಡ್ಯಾರಂತ" ಎಂದು ಒಬ್ಬರು ಹೇಳಿದರೆ, "ಸಸ್ಪೆಂಡ್ ಅಲ್ಲೋ ತಮ್ಮಾ, ಡಿಸ್‌ಮಿಸ್ಸೇ ಮಾಡ್ಯಾರ" ಎಂದು ಇನ್ನೊಬ್ಬರು ಕೂಡಿಸುತ್ತಾರೆ. ಸುದ್ದಿ ಮೂರನೆಯ ಕಟ್ಟೆಗೆ ಹೋಗುವಷ್ಟರಲ್ಲಿ ಆತ ಜೇಲಿನಲ್ಲಿಯೇ ಕುಳಿತಿರುತ್ತಾನೆ. ಆಡುವವರಿಗೆ ಈ ಮಾತುಗಳೆಲ್ಲ ಒಂದೇ. ಆದರೆ ಆ ಮನೆಯ ತಾಯಿಗೆ, ಹೆಂಡತಿಗೆ, ಮದುವೆಗೆ ಬಂದ ಮಗಳಿಗೆ ಅವು ಒಂದೇ ಅಲ್ಲ. ಮಾತಿನ ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ಗೊತ್ತಾದ ಸಂಬಂಧ ಮುರಿದು ಹೋಗುತ್ತದೆ.

ಮನುಷ್ಯನನ್ನು ಹುದ್ದೆಯಿಂದ ಇಳಿಸುವುದಕ್ಕೆ ನಮ್ಮ ಭಾಷೆಯಲ್ಲಿ ಮಾತುಗಳಿಗೇನು ಕೊರತೆಯಿಲ್ಲ. ಅಮಾನತು, ವಜಾ, ಬಡತರ್ಫ, ಪದಚ್ಯುತಿ, ಉಚ್ಚಾಟನೆ, ಬಹಿಷ್ಕಾರ. ಒಂದೊಂದಕ್ಕೂ ಒಂದೊಂದು ಹುಟ್ಟು, ಒಂದೊಂದು ತೂಕ ಇದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ನಮಗೆ ಕನ್ನಡದ ಜೊತೆಗೆ ಮರಾಠಿಯೂ ತಿಳಿಯುವುದರಿಂದ, ಮತ್ತು ಈ ಸೀಮೆ ಆದಿಲಶಾಹಿ, ಮರಾಠಿ, ಇಂಗ್ರೇಜಿ ಆಳಿಕೆಗಳನ್ನು ಕಂಡದ್ದರಿಂದ, ಈ ಮಾತುಗಳ ಅರ್ಥವನ್ನು ಬಿಡಿಸಿ ನೋಡುವುದು ನಮಗೆ ಕಠಿಣವಲ್ಲ. ಬಿಡಿಸಿ ನೋಡಿದರೆ ಎಷ್ಟೋ ಮಾತುಗಳು ನಾವು ತಿಳಿದಷ್ಟು ಕೆಟ್ಟವಲ್ಲ, ಅವುಗಳನ್ನು ಕೆಡಿಸಿದವರು ನಾವೇ ಎಂಬುದು ತಿಳಿದುಬರುತ್ತದೆ.

ಮೊದಲು ಅಮಾನತು. ಇದು ಅರಬ್ಬೀ ಮೂಲದ ಮಾತು. ನಂಬಿ ಒಪ್ಪಿಸಿದ ವಸ್ತು, ಠೇವಣಿ, ಎಂದು ಇದರ ಅರ್ಥ. ಸೊಸಾಯಿಟಿಯ ಲೆಕ್ಕದ ಪುಸ್ತಕದಲ್ಲಿ ಅಮಾನತು ಖಾತೆ ಎಂಬುದೊಂದಿರುತ್ತದೆ. ಯಾರದೆಂದು ಇನ್ನೂ ಖಚಿತವಾಗದ ಹಣವನ್ನು ಅಲ್ಲಿ ಬರೆದಿಡುತ್ತಾರೆ. ಆ ಹಣವನ್ನು ಮ್ಯಾನೇಜರು ಮುಟ್ಟುವಂತಿಲ್ಲ, ಚೇರಮನ್ನರು ಖರ್ಚು ಮಾಡುವಂತಿಲ್ಲ. ನೌಕರನಿಗೆ ಬರುವ ಆದೇಶದಲ್ಲಿಯೂ "ಅಮಾನತ್ತಿನಲ್ಲಿ ಇರಿಸಲಾಗಿದೆ" ಎಂದೇ ಬರೆದಿರುತ್ತದೆ. ಇದು ಯಾವ ನ್ಯಾಯನಿರ್ಣಯವೂ ಅಲ್ಲ. ವಿಚಾರಣೆ ಮುಗಿಯುವವರೆಗೆ ಆತನ ಹುದ್ದೆಯನ್ನು ಬದಿಗೆ ತೆಗೆದು ಕಾದಿರಿಸಿದ್ದಾರೆ, ಅಷ್ಟೇ. ಹುದ್ದೆ ಸರಕಾರದ ಹತ್ತಿರ ಠೇವಣಿ ಇರುವಂತೆ ಆತನ ಮಾನ ಊರಿನ ಹತ್ತಿರ ಠೇವಣಿ ಇರುತ್ತದೆ. ಪರರ ಠೇವಣಿಯನ್ನು ಖರ್ಚು ಮಾಡಿದವನಿಗೆ ನಾವು ಏನೆನ್ನುತ್ತೇವೆ? ಅದೇ ಮಾತು ಕಟ್ಟೆಯ ಮೇಲೆ ಕುಳಿತು ಅಮಾನತಾದವನ ಮಾನವನ್ನು ಹಂಚುವವರಿಗೂ ಸಲ್ಲುತ್ತದೆ.

ನಿಯಮ ಕೂಡ ಹೀಗೆಯೇ ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಸರಕಾರಿ ನೌಕರರ ಶಿಸ್ತಿನ ಬಗ್ಗೆ 1957ರ ನಿಯಮಗಳಿವೆ. ಅವುಗಳಲ್ಲಿ ಶಿಕ್ಷೆಗಳ ಪಟ್ಟಿ ಒಂದು ಕಡೆ ಇದೆ, ಅಮಾನತಿನ ಮಾತು ಇನ್ನೊಂದು ಕಡೆ ಇದೆ. ಶಿಕ್ಷೆಗಳ ಪಟ್ಟಿಯಲ್ಲಿ ಅಮಾನತು ಇಲ್ಲವೇ ಇಲ್ಲ. ಅಮಾನತಿನಲ್ಲಿದ್ದವನು ನೌಕರನಾಗಿಯೇ ಉಳಿಯುತ್ತಾನೆ. ಹೊಟ್ಟೆ ಹೊರೆಯುವಷ್ಟು ಜೀವನಾಧಾರ ಭತ್ಯೆ ಎಂದು ಸಂಬಳದ ಒಂದು ಭಾಗ ಆತನಿಗೆ ಸಲ್ಲಬೇಕು. ಆತ ಅಪ್ಪಣೆಯಿಲ್ಲದೆ ಕೇಂದ್ರಸ್ಥಾನ ಬಿಟ್ಟು ಹೋಗುವಂತಿಲ್ಲ. ಇದನ್ನು ಹಿರಿಯರು ಲಕ್ಷ್ಯವಿಟ್ಟು ನೋಡಬೇಕು. ದೂರ ಎಲ್ಲಿಯಾದರೂ ಹೋಗಿ ಮುಖ ಮರೆಸಿಕೊಂಡು ಇರಲಿಕ್ಕೂ ಆತನಿಗೆ ದಾರಿಯಿಲ್ಲ. ಅದೇ ಊರಿನಲ್ಲಿ, ಅದೇ ಓಣಿಯಲ್ಲಿ, ಅದೇ ಜನರ ಕಣ್ಣೆದುರಿಗೆ ತಿಂಗಳುಗಟ್ಟಲೆ ಬದುಕಬೇಕು. ಸರಕಾರ ಕೊಡದ ಶಿಕ್ಷೆಯನ್ನು ಆ ದಿನಗಳಲ್ಲಿ ಊರು ಕೊಡುತ್ತದೆ.

ಹೊಟ್ಟೆಯ ಭತ್ಯೆಯ ಮಾತು ಬಂದದ್ದರಿಂದ ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ಸಂಗತಿಯನ್ನು ಹೇಳಬೇಕು. ಕೋಲಾರದ ಚಿನ್ನದ ಗಣಿಯಲ್ಲಿ, ಆಗಿನ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಲ್ಲಿ, ಭದ್ರತಾ ಅಧಿಕಾರಿಯೊಬ್ಬರಿದ್ದರು. 1985ರ ಜೂನ್ ತಿಂಗಳಲ್ಲಿ ಅವರ ಮನೆಯಲ್ಲಿ ಚಿನ್ನ ಸಿಕ್ಕಿತೆಂದು ಪೊಲೀಸರು ಮೊಕದ್ದಮೆ ಹೂಡಿದರು. ಸಂಸ್ಥೆ ಅವರನ್ನು ಅಮಾನತಿನಲ್ಲಿರಿಸಿತು. ಅವರಿಗೆ ಜೀವನಾಧಾರ ಭತ್ಯೆ ಕೊಡಲಿಲ್ಲ. ಕೈಯಲ್ಲಿ ಹಣವಿಲ್ಲದೆ, ಕೇರಳದ ತಮ್ಮ ಊರಿನಿಂದ ಇಲಾಖಾ ವಿಚಾರಣೆಗೆ ಬರಲಿಕ್ಕೂ ಅವರಿಗೆ ಆಗಲಿಲ್ಲ. ಅವರ ಗೈರುಹಾಜರಿಯಲ್ಲಿ ವಿಚಾರಣೆ ಮುಗಿಸಿ 1986ರಲ್ಲಿ ವಜಾ ಮಾಡಿದರು. 1987ರಲ್ಲಿ ಕ್ರಿಮಿನಲ್ ಕೋರ್ಟು, ಅವರ ಮನೆಯಲ್ಲಿ ಚಿನ್ನ ಸಿಕ್ಕಿತೆಂಬುದು ಸಿದ್ಧವಾಗಲಿಲ್ಲವೆಂದು ಅವರನ್ನು ಖುಲಾಸೆ ಮಾಡಿತು. ಆದರೂ ಕೆಲಸ ಮರಳಿ ಸಿಗಲಿಲ್ಲ. ಕೊನೆಗೆ 1999ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ಅವರನ್ನು ಮರಳಿ ತೆಗೆದುಕೊಂಡು ಬಾಕಿ ಸಂಬಳವನ್ನೆಲ್ಲ ಕೊಡಬೇಕೆಂದು ತೀರ್ಪು ಕೊಟ್ಟಿತು. ಅಮಾನತಾದವನ ಹೊಟ್ಟೆಯ ಭತ್ಯೆಯನ್ನು ತಡೆಯುವುದು ಸಂವಿಧಾನ ಕೊಟ್ಟ ಬದುಕುವ ಹಕ್ಕನ್ನೇ ತಡೆದಂತೆ ಎಂದು ನ್ಯಾಯಮೂರ್ತಿಗಳು ಹೇಳಿದರು. ನಡುವೆ ಹೋದದ್ದು ಸುಮಾರು 14 ವರ್ಷ. ಬಾಕಿ ಸಂಬಳವನ್ನು ಕೋರ್ಟು ಕೊಡಿಸಬಹುದು. ಆ 14 ವರ್ಷ ಜನ ಆಡಿದ ಮಾತನ್ನು ಯಾವ ಕೋರ್ಟು ಹಿಂದಕ್ಕೆ ಪಡೆದೀತು?

ಇನ್ನು ವಜಾ. ಮರಾಠಿ ಶಾಲೆಯಲ್ಲಿ ಕಲಿತ ಹಿರಿಯರಿಗೆ ವಜಾಬಾಕಿ ಎಂದರೆ ಕಳೆಯುವ ಲೆಕ್ಕ ಎಂದು ಗೊತ್ತು. ಕಬ್ಬಿನ ಬಿಲ್ಲು ಬರುವಾಗ ಸೊಸಾಯಿಟಿಯ ಸಾಲವನ್ನು ವಜಾ ಮಾಡಿಕೊಂಡು ಉಳಿದದ್ದನ್ನು ಕೊಡುತ್ತಾರೆ. ಅಡತಿ ಅಂಗಡಿಯಲ್ಲಿ ಚೀಲದ ತೂಕ ವಜಾ ಮಾಡುತ್ತಾರೆ. ಹೀಗೆ ಲೆಕ್ಕದ ಪುಸ್ತಕದ ಮಾತು ಕಚೇರಿಗೆ ಹೋಗಿ ಮನುಷ್ಯನಿಗೆ ಅಂಟಿಕೊಂಡಿತು. ಆದರೆ ವಜಾದ ಬೆನ್ನಿಗೆ ಬಾಕಿ ಎಂಬುದೊಂದಿದೆ. ಸಾಲ ಕಳೆದ ಮೇಲೆ ಬಿಲ್ಲಿನಲ್ಲಿ ಉಳಿದದ್ದು ರೈತನದೇ. ಹುದ್ದೆ ಕಳೆದ ಮೇಲೆ ಮನುಷ್ಯನಲ್ಲಿ ಉಳಿದದ್ದು ಯಾರದು? ಆತ ಒಬ್ಬ ಮಗ, ಒಬ್ಬ ತಂದೆ, ಎರಡೆಕರೆ ಹೊಲದ ಒಕ್ಕಲಿಗ, ಜಾತ್ರೆಯ ತೇರಿಗೆ ಕೈಹಚ್ಚುವ ಒಬ್ಬ ಭಕ್ತ. ಇವೆಲ್ಲ ಬಾಕಿ. ಸರಕಾರ ವಜಾ ಮಾಡಿದ್ದು ಹುದ್ದೆಯನ್ನು ಮಾತ್ರ. ಬಾಕಿಯನ್ನೂ ಕಳೆದು ಸೊನ್ನೆ ಮಾಡುವ ಅಧಿಕಾರ ಊರಿಗಿಲ್ಲ.

ವಜಾ ಎಂಬುದು ಹಗುರಾದ ಮಾತು ಎಂದು ನಾವು ಹೇಳುತ್ತಿಲ್ಲ. ಸಂವಿಧಾನದ 311ನೆಯ ವಿಧಿ ಈ ವಿಷಯದಲ್ಲಿ ಸರಕಾರದ ಕೈಯನ್ನೂ ಕಟ್ಟಿದೆ. ಆರೋಪ ಏನೆಂದು ತಿಳಿಸದೆ, ಆತನ ಮಾತು ಕೇಳದೆ, ವಿಚಾರಣೆ ಮಾಡದೆ, ಕೆಲವೊಂದು ವಿಶೇಷ ಪ್ರಸಂಗಗಳನ್ನು ಬಿಟ್ಟರೆ, ಸರಕಾರಿ ನೌಕರನನ್ನು ವಜಾ ಮಾಡುವಂತಿಲ್ಲ, ತೆಗೆದುಹಾಕುವಂತಿಲ್ಲ, ಕೆಳದರ್ಜೆಗೆ ಇಳಿಸುವಂತಿಲ್ಲ. ನೇಮಕ ಮಾಡಿದವರಿಗಿಂತ ಕೆಳಗಿನ ಅಧಿಕಾರಿ ವಜಾ ಮಾಡುವಂತಿಲ್ಲ. ಅಷ್ಟೇ ಅಲ್ಲ, ತೆಗೆದುಹಾಕುವುದು ಬೇರೆ, ವಜಾ ಮಾಡುವುದು ಬೇರೆ. ತೆಗೆದುಹಾಕಿದವನಿಗೆ ಮುಂದೆ ಸರಕಾರಿ ನೌಕರಿಯ ಬಾಗಿಲು ಮುಚ್ಚುವುದಿಲ್ಲ. ವಜಾ ಆದವನಿಗೆ ಸಾಮಾನ್ಯವಾಗಿ ಮುಚ್ಚುತ್ತದೆ. ಇಷ್ಟು ತೂಗಿ ನೋಡಿ ಸರಕಾರ ಮಾಡುವ ಕೆಲಸವನ್ನು ನಾವು ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಸಿಬಿಡುತ್ತೇವೆ. ಸರಕಾರದ ಆದೇಶಕ್ಕೆ ನಂಬರು, ತಾರೀಖು, ಮೇಲ್ಮನವಿ ಇದೆ. ಊರಿನ ಆದೇಶಕ್ಕೆ ಯಾವುದೂ ಇಲ್ಲ.

ಇನ್ನೊಂದು ಮಾತನ್ನೂ ನೆನಪಿನಲ್ಲಿಡಬೇಕು. ವಜಾ ಆದವರೆಲ್ಲ ಕಳ್ಳರಲ್ಲ. 1974ರ ಮೇ ತಿಂಗಳಲ್ಲಿ ದೇಶದ ತುಂಬ ರೈಲ್ವೆ ಮುಷ್ಕರ ನಡೆದಾಗ ಸಾವಿರಾರು ನೌಕರರು ಕೆಲಸ ಕಳೆದುಕೊಂಡರು. 1977ರಲ್ಲಿ ಜನತಾ ಸರಕಾರ ಬಂದ ಮೇಲೆ ಅವರನ್ನು ಮರಳಿ ತೆಗೆದುಕೊಂಡರು. 2021ರ ಏಪ್ರಿಲ್ ತಿಂಗಳಲ್ಲಿ ನಮ್ಮ ಸಾರಿಗೆ ಬಸ್ಸುಗಳ ಮುಷ್ಕರವಾದಾಗಲೂ ಡ್ರೈವರು, ಕಂಡಕ್ಟರುಗಳ ಮೇಲೆ ವರ್ಗಾವಣೆ, ಅಮಾನತು, ವಜಾ ಎಲ್ಲವೂ ಬಂದವು. ಬಹಳ ಜನ ಮುಂದೆ ಮರಳಿ ಕೆಲಸಕ್ಕೆ ಹೋದರು. ಲಂಚ ತಿಂದು ಹೋದವನಿಗೂ, ಸಂಬಳ ಹೆಚ್ಚಿಸಿರೆಂದು ಕೇಳಿ ಹೋದವನಿಗೂ ಕಾಗದದ ಮೇಲಿನ ಮಾತು ಒಂದೇ. ಆದ್ದರಿಂದ ಮಾತನ್ನು ಕೇಳಿ ಮನುಷ್ಯನನ್ನು ಅಳೆಯಬಾರದು.

ಬಡತರ್ಫ ಎಂಬ ಮಾತು ಫಾರಸಿಯಿಂದ ಮರಾಠಿಗೆ ಬಂದು, ಅಲ್ಲಿಂದ ನಮ್ಮ ಗಡಿಭಾಗದ ಬಾಯಿಗೆ ಬಂದದ್ದು. ಒಂದು ಬದಿಗೆ ಸರಿಸುವುದು ಎಂದಷ್ಟೇ ಅದರ ಮೂಲ ಅರ್ಥ. ಮುಂಬಯಿ ಆಳಿಕೆಯ ಕಾಲದಲ್ಲಿ ಸಿಪಾಯಿಗೆ ಸೊಂಟದ ಪಟ್ಟಿ, ಹಿತ್ತಾಳೆಯ ಬಿಲ್ಲೆ ಇರುತ್ತಿದ್ದವು; ಪಟ್ಟೇವಾಲ ಎಂಬ ಹೆಸರೇ ಅದರಿಂದ ಬಂದಿತು. ಪಟ್ಟಿ ಇಳಿಸಿದರೆಂದರೆ ನೌಕರಿ ಹೋಯಿತೆಂದು ಅರ್ಥ. ಫ್ರಾನ್ಸ್ ದೇಶದಲ್ಲಿ 1895ರ ಜನವರಿ 5ರಂದು ಡ್ರೇಫಸ್ ಎಂಬ ಸೈನ್ಯಾಧಿಕಾರಿಯನ್ನು ದೇಶದ್ರೋಹಿಯೆಂದು ಸಾರಿ, ಎಲ್ಲರೆದುರು ಆತನ ಅಂಗಿಯ ಗುಂಡಿ, ಪಟ್ಟಿಗಳನ್ನು ಕಿತ್ತು, ಕತ್ತಿಯನ್ನು ಮುರಿದರು. ಆತ ನಿರಪರಾಧಿ ಎಂದು 1906ರಲ್ಲಿ ಅಲ್ಲಿನ ನ್ಯಾಯಾಲಯವೇ ಹೇಳಿ, ಸೈನ್ಯಕ್ಕೆ ಮರಳಿ ಸೇರಿಸಿಕೊಂಡರು. ಕಿತ್ತ ಗುಂಡಿಯನ್ನು ಮತ್ತೆ ಹಚ್ಚಬಹುದು. ಆದರೆ ಅಂದು ನೆರೆದು ಕೂಗಿದ ಜನರ ಕೂಗು ಮರಳಿ ಬಾಯಿಗೆ ಹೋಗುವುದಿಲ್ಲ.

ವಕೀಲರಿಗೆ ಸನದು ಎಂಬುದಿದೆ. ತಪ್ಪು ಮಾಡಿದ ವಕೀಲನ ಹೆಸರನ್ನು ಪಟ್ಟಿಯಿಂದ ತೆಗೆಯುವ ಅಧಿಕಾರ 1961ರ ವಕೀಲರ ಕಾಯ್ದೆಯಂತೆ ವಕೀಲರ ಪರಿಷತ್ತಿಗೆ ಇದೆ. "ಸನದು ಹೋತು" ಎಂದರೆ ವಕೀಲನ ಪಾಲಿಗೆ ಅದಕ್ಕಿಂತ ದೊಡ್ಡ ಅಪಮಾನವಿಲ್ಲ. ಈ ಅಪಮಾನ ಯಾರಿಗೆ ಬಂದಿತ್ತು ಗೊತ್ತೇ? ಮಹಾತ್ಮಾ ಗಾಂಧಿಯವರಿಗೆ. ಅವರು 1891ರಲ್ಲಿ ಲಂಡನ್ನಿನ ಇನ್ನರ್ ಟೆಂಪಲ್‌ನಿಂದ ಬ್ಯಾರಿಸ್ಟರ್ ಆದವರು. 1922ರ ಮಾರ್ಚಿನಲ್ಲಿ ರಾಜದ್ರೋಹದ ಮೊಕದ್ದಮೆಯಲ್ಲಿ ಅವರಿಗೆ 6 ವರ್ಷ ಶಿಕ್ಷೆಯಾಯಿತು. ಅದೇ ವರ್ಷ ನವೆಂಬರಿನಲ್ಲಿ ಇನ್ನರ್ ಟೆಂಪಲ್ ಅವರ ಹೆಸರನ್ನು ತನ್ನ ಪಟ್ಟಿಯಿಂದ ಹೊಡೆದು ಹಾಕಿತು. ಹೀಗೆ ಹೆಸರು ಹೊಡೆಸಿಕೊಂಡು ಎರಡು ವರ್ಷ ಕಳೆದ ಮೇಲೆ, 1924ರ ಡಿಸೆಂಬರಿನಲ್ಲಿ, ನಮ್ಮದೇ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ ಅವರು ಕುಳಿತರು. ಅವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ನಮ್ಮ ಜಿಲ್ಲೆಯ ಜನ ಅಂದು ಆ ಪಟ್ಟಿಯನ್ನು ನೋಡಲಿಲ್ಲ, ಆ ಮನುಷ್ಯನನ್ನು ನೋಡಿದರು. ಲಂಡನ್ನಿನವರು 66 ವರ್ಷ ತಡೆದು, 1988ರಲ್ಲಿ, ಗಾಂಧೀಜಿ ಹೋಗಿ 40 ವರ್ಷವಾದ ಮೇಲೆ, ಅವರ ಹೆಸರನ್ನು ಮತ್ತೆ ಬರೆದುಕೊಂಡರು. ಹುದ್ದೆಯ ಪಟ್ಟಿ ಬೇರೆ, ಮರ್ಯಾದೆಯ ಪಟ್ಟಿ ಬೇರೆ ಎಂಬುದಕ್ಕೆ ನಮ್ಮ ನೆಲದ ಮೇಲೆಯೇ ನಡೆದ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಸಂಸ್ಕೃತದಿಂದ ಬಂದ ಮಾತುಗಳು ಇನ್ನೂ ಕಠೋರವಾಗಿವೆ. ಪದಭ್ರಷ್ಟ ಎಂದರೆ ಸ್ಥಾನದಿಂದ ಬಿದ್ದವನು. ಭ್ರಷ್ಟ ಎಂದರೆ ಬರೀ ಬಿದ್ದವನು ಎಂದೇ ಅರ್ಥ. ಇಂದಿನ ದಿನಮಾನಗಳಲ್ಲಿ ಭ್ರಷ್ಟ ಎಂದರೆ ಲಂಚಕೋರ. ಬಿದ್ದವನು ಹೋಗಿ ಕೆಟ್ಟವನಾದ! ಬಿದ್ದವರೆಲ್ಲ ಕೆಟ್ಟವರೆಂಬ ನಮ್ಮ ಮನಸ್ಸಿನ ಎಣಿಕೆ ಈ ಒಂದು ಮಾತಿನಲ್ಲಿಯೇ ಕಾಣುತ್ತದೆ. ಉಚ್ಚಾಟನೆ ಎಂಬುದು ಮಂತ್ರವಾದಿಗಳ ಮಾತು, ಭೂತ ಪಿಶಾಚಿಗಳನ್ನು ಓಡಿಸುವುದಕ್ಕೆ ಹೇಳುತ್ತಿದ್ದದ್ದು. ಈಗ ಪಕ್ಷದಿಂದ, ಸಂಘದಿಂದ ಮನುಷ್ಯರನ್ನು ಹೊರಹಾಕುವಾಗ ಅದನ್ನೇ ಬರೆಯುತ್ತಾರೆ. ಎಲ್ಲಕ್ಕಿಂತ ಭಯಂಕರವಾದದ್ದು ಬಹಿಷ್ಕಾರ. ಬೆಂಕಿ ಕೊಡಬೇಡ, ನೀರು ಕೊಡಬೇಡ, ಪಂಕ್ತಿಗೆ ಕರೆಯಬೇಡ ಎಂಬ ಈ ಶಿಕ್ಷೆಯನ್ನು ನಮ್ಮ ನೆರೆಯ ಮಹಾರಾಷ್ಟ್ರ 2016ರ ಕಾಯ್ದೆಯಿಂದ ಅಪರಾಧವೆಂದೇ ಸಾರಿದೆ. ಬಾಯಿಂದ ಬಹಿಷ್ಕಾರ ಎನ್ನದಿದ್ದರೂ, ನೌಕರಿ ಹೋದವನ ಮನೆಗೆ ಅರಿಷಿಣ ಕುಂಕುಮಕ್ಕೆ ಹೋಗುವುದನ್ನು ನಿಲ್ಲಿಸಿದರೆ, ಅದೂ ಬಹಿಷ್ಕಾರದ ತಂಗಿಯೇ ಸರಿ.

ರಾಜೀನಾಮೆ ಎಂಬ ಮಾತಿನಲ್ಲಿಯೂ ಒಂದು ನೋವಿದೆ. ರಾಜಿ ಎಂದರೆ ಒಪ್ಪಿಗೆ, ನಾಮೆ ಎಂದರೆ ಬರಹ. ಮನಸ್ಸೊಪ್ಪಿ ಬರೆದುಕೊಟ್ಟದ್ದು ರಾಜೀನಾಮೆ. ಆದರೆ ಖಾಸಗಿ ಸಂಸ್ಥೆಗಳಲ್ಲಿ, ಕಾರಖಾನೆಗಳಲ್ಲಿ "ನೀನೇ ಬರದ ಕೊಡು, ಇಲ್ಲಾಂದ್ರ ನಾವು ತಗೀತೇವಿ" ಎಂದು ಹೇಳಿ ಬರೆಸಿಕೊಂಡ ಒಪ್ಪಿಗೆಗಳು ಎಷ್ಟೋ ಇರುತ್ತವೆ. ಆ ಕಾಗದವನ್ನು ಓದಿ "ತಾನೇ ಬಿಟ್ಟಾನ, ಏನೋ ಮಾಡಿರಬೇಕು" ಎನ್ನುವವರು ಅದನ್ನು ಬರೆದ ಕೈ ನಡುಗಿದ್ದನ್ನು ಕಂಡಿರುವುದಿಲ್ಲ.

ಈಗ ಒಂದು ವಿಚಿತ್ರವನ್ನು ನೋಡಿ. 1961ರ ಕಾಯ್ದೆಯಿಂದ ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು. ಪಾಟೀಲಕಿ, ಕುಲಕರ್ಣಿಕಿ ಹೋಗಿ 60 ವರ್ಷ ದಾಟಿತು. ಆದರೂ ಪಾಟೀಲರು ಪಾಟೀಲರಾಗಿಯೇ, ಕುಲಕರ್ಣಿಯವರು ಕುಲಕರ್ಣಿಯವರಾಗಿಯೇ ಉಳಿದಿದ್ದಾರೆ. ಹುದ್ದೆ ಹೋದರೂ ಅವರ ಗೌರವದ ಹೆಸರನ್ನು ಊರು ಕಾಯ್ದುಕೊಂಡು ಬಂದಿತು. ಬಹಳ ಒಳ್ಳೆಯದು. ಅದೇ ಊರು, ಮೂರು ತಿಂಗಳು ಅಮಾನತಿನಲ್ಲಿದ್ದು ನಿರ್ದೋಷಿಯಾಗಿ ಮರಳಿ ಕೆಲಸಕ್ಕೆ ಹೋದ ಮಾಸ್ತರನಿಗೆ "ಸಸ್ಪೆಂಡ್ ಮಾಸ್ತರ" ಎಂಬ ಹೆಸರನ್ನು ಜೀವಮಾನವಿಡೀ ಕಾಯ್ದುಕೊಂಡು ಬರುತ್ತದೆ. ಆತನ ಮೊಮ್ಮಗನ ಗುರುತೂ ಅದರಿಂದಲೇ ಆಗುತ್ತದೆ. ಹೋದ ಹುದ್ದೆಯ ಗೌರವವನ್ನು ಉಳಿಸಿಕೊಡಬಲ್ಲ ಊರಿಗೆ, ಬಂದ ಹುದ್ದೆಯ ಗೌರವವನ್ನು ಮರಳಿ ಕೊಡಲಿಕ್ಕೆ ಬರುವುದಿಲ್ಲವೇ?

ಹಾಗೆಂದು ತಪ್ಪಿತಸ್ಥರ ಪರವಾಗಿ ನಾವು ವಕಾಲತ್ತು ಮಾಡುತ್ತಿದ್ದೇವೆಂದು ಯಾರೂ ತಿಳಿಯಬಾರದು. ಸೊಸಾಯಿಟಿಯಲ್ಲಿ ಬಡವರು ಇಟ್ಟ ಠೇವಣಿಯನ್ನು ನುಂಗಿದವನು, ವಿಧವೆಯ ಪಗಾರದ ಕಾಗದಕ್ಕೆ ಕೈಯೊಡ್ಡಿದವನು ಹುದ್ದೆಯಲ್ಲಿ ಇರತಕ್ಕದ್ದಲ್ಲ. ನಮ್ಮ ಮಾತು ಇಲ್ಲಿಯೂ ದಾರಿ ತಪ್ಪುತ್ತದೆ. ಲಂಚ ತೆಗೆದುಕೊಳ್ಳುವಾಗ ಸಿಕ್ಕವನಿಗೆ "ಲೋಕಾಯುಕ್ತ ಬಲಿಗೆ ಬಿದ್ದ" ಎನ್ನುತ್ತೇವೆ, ಪಾಪ, ನೀರಿನಲ್ಲಿ ಆಡುತ್ತಿದ್ದ ಮೀನು ಬಲೆಗೆ ಬಿದ್ದಂತೆ! "ಟೈಮ್ ಸರಿ ಇರ್ಲಿಲ್ಲ" ಎಂದು ಸಮಾಧಾನ ಹೇಳುತ್ತೇವೆ. ಕಾಗದದ ಲೋಪದಿಂದ ಆತ ಮರಳಿ ಬಂದರೆ ಹಾರ ಹಾಕಿ, ಹಲಗೆ ಬಾರಿಸಿ, ಫಲಕ ಬರೆಸುತ್ತೇವೆ. ಹಣವಿದ್ದ ದೊಡ್ಡವನು ಬಿದ್ದರೆ ಟೈಮ್ ಕೆಟ್ಟಿತು, ಬಡ ಸಿಪಾಯಿ ಬಿದ್ದರೆ ಮನುಷ್ಯನೇ ಕೆಟ್ಟ. ಇದು ಯಾವ ನ್ಯಾಯ? ಅಪಮಾನ ಎಂಬುದು ತಪ್ಪಿಗೆ ಅಂಟಬೇಕೇ ಹೊರತು ಬಡತನಕ್ಕೆ ಅಂಟಬಾರದು.

ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೂ ಇಂಥ ಆರೋಪ ಬಂದಿತ್ತೆಂದು ಪುರಾಣಗಳು ಹೇಳುತ್ತವೆ. ಅರಸನ ಭಂಡಾರವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಆಗದವರು ಅರಸನ ಕಿವಿಯೂದಿದರು. ಬಸವಣ್ಣನವರು ಸಿಟ್ಟಾಗಿ ಎದ್ದು ಹೋಗಲಿಲ್ಲ, ಅಳುತ್ತ ಕೂಡಲಿಲ್ಲ. ಭಂಡಾರವನ್ನು ಎಣಿಸಿ ನೋಡಿರೆಂದರು. ಎಣಿಸಿದಾಗ ಲೆಕ್ಕ ಸರಿಯಾಗಿತ್ತು. ಆರೋಪ, ಆಮೇಲೆ ಲೆಕ್ಕ, ಆಮೇಲೆ ತೀರ್ಪು ಎಂಬ ಈ ಕ್ರಮವನ್ನು ನಾವು ಹಿಡಿಯಬೇಕು. ನಮ್ಮ ಕಟ್ಟೆಗಳಲ್ಲಿ ತೀರ್ಪು ಮೊದಲು, ಆರೋಪ ಆಮೇಲೆ. ಲೆಕ್ಕ ಕೇಳುವವರೇ ಇಲ್ಲ. ಮಠಗಳೂ ಇದಕ್ಕೆ ಹೊರತಲ್ಲ. ಪಟ್ಟಕ್ಕೇರಿಸಿದವರನ್ನು ಪಟ್ಟದಿಂದ ಇಳಿಸಬೇಕೆಂಬ ಕೂಗು ಎದ್ದಾಗಲೂ ಲೆಕ್ಕ ಮೊದಲು ಆಗಬೇಕು. ಲೆಕ್ಕ ಕೊಡಲು ಹಿಂಜರಿಯುವವರು, ಅವರು ಖಾದಿಯವರಿರಲಿ ಕಾವಿಯವರಿರಲಿ, ಊರಿನ ಬಾಯಿಯನ್ನು ದೂರುವ ಹಕ್ಕು ಕಳೆದುಕೊಳ್ಳುತ್ತಾರೆ.

ಇನ್ನು ಹಿರಿಯರು ಮಾಡಬೇಕಾದದ್ದೇನು? ಮೊದಲನೆಯದು, ನೌಕರಿ ಹೋಯಿತೆಂದು ಯಾರಾದರೂ ಹೇಳಿದರೆ "ಅಮಾನತೋ, ವಜಾನೋ, ಆರೋಪ ಏನು, ವಿಚಾರಣಿ ಆಗೇತೇನು" ಎಂದು ಕೇಳಬೇಕು. ಈ ಪ್ರಶ್ನೆಗಳನ್ನು ಹಿರಿಯರು ಕೇಳಿದರೆ ಅರ್ಧ ಸುದ್ದಿ ಅಲ್ಲಿಯೇ ನಿಲ್ಲುತ್ತದೆ. ಎರಡನೆಯದು, ವಿಚಾರಣೆ ನಡೆದಿರುವವರೆಗೆ ಆ ಮನೆಗೆ ಹೋಗುವುದು, ಬರುವುದು, ಕೊಡುಕೊಳ್ಳುವುದು ನಿಲ್ಲಬಾರದು. ಯಡೂರಿನ ವೀರಭದ್ರನ ಜಾತ್ರೆಗೆ, ಚಿಂಚಲಿ ಮಾಯಕ್ಕನ ಜಾತ್ರೆಗೆ ಹೊರಟಾಗ ಆ ಮನೆಯವರನ್ನೂ ಕೂಗಿ ಕರೆಯಬೇಕು. ಮೂರನೆಯದು, ತಪ್ಪು ಸಿದ್ಧವಾದರೆ ನುಂಗಿದ್ದನ್ನು ತುಂಬಿಕೊಡಲು ಆತನಿಗೆ ಹೇಳಬೇಕು. ಹಣದ ಕೀಲಿಕೈಯನ್ನು ಮತ್ತೆ ಆತನಿಗೆ ಕೊಡಬಾರದು. ಆದರೆ ದುಡಿಯುವ ದಾರಿಯನ್ನು ಬಿಟ್ಟುಕೊಡಬೇಕು. ಹುದ್ದೆ ಮತ್ತೊಬ್ಬರು ಕೊಟ್ಟದ್ದು, ಅವರು ಕಸಿದುಕೊಳ್ಳಬಹುದು. ಕಾಯಕ ಕೈಯಲ್ಲಿರುವುದು, ಅದನ್ನು ಯಾವ ಆದೇಶವೂ ಕಸಿಯಲಾರದು. ನಾಲ್ಕನೆಯದು, ತಪ್ಪು ಯಾರದೇ ಇರಲಿ, ಅದನ್ನು ಮಕ್ಕಳ ಹಣೆಗೆ ಹಚ್ಚಬಾರದು. ಕನ್ಯೆ ನೋಡಲು ಹೋದವರು ಹುಡುಗಿಯ ಗುಣ ಕೇಳಲಿ, ತಂದೆಯ ಸರ್ವಿಸ್ ಪುಸ್ತಕ ಕೇಳುವುದು ಬೇಡ.

ನೌಕರಿ ಹೋದ ಮನುಷ್ಯ ಮೊದಲ ದಿನ ಸಂಬಳಕ್ಕಾಗಿ ಅಳುವುದಿಲ್ಲ. ಎದುರಿಗೆ ಬಂದವರು ನಮಸ್ಕಾರ ಮಾಡದೆ ಮುಖ ತಿರುವಿದರೆ ಅಂದು ಅಳುತ್ತಾನೆ. ಅಂಥ ದಿನಗಳಲ್ಲಿ ಎಷ್ಟೋ ಜನ ದುಡುಕಿ ಬಾವಿ, ಹೊಳೆಯ ದಾರಿ ಹಿಡಿದದ್ದನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಒಬ್ಬ ಹಿರಿಯರು ಆ ಮನೆಯ ಹೊಸ್ತಿಲು ದಾಟಿ, "ಯಾಕಪಾ ಸುಮ್ಮನ ಕುಂತಿ, ಚಹಾ ಮಾಡಸು" ಎಂದು ಹೇಳಿದರೆ ಅದರಿಂದ ಒಂದು ಜೀವ ಉಳಿಯಬಹುದು. ಇದಕ್ಕೆ ಖರ್ಚಿಲ್ಲ, ಕಾನೂನು ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ.

ಈ ವಾರ ನಿಮ್ಮ ಓಣಿಯಲ್ಲಿ ಅಂಥದ್ದೊಂದು ಮನೆ ಇದ್ದರೆ, ಸದ್ಭಕ್ತರು ಒಂದು ಹೊತ್ತು ಹೋಗಿ ಕುಳಿತು ಬರಬೇಕು. ನಮ್ಮ ಹತ್ತಿರ ಠೇವಣಿ ಇರುವ ಅವರ ಮಾನ ಎಣಿಕೆಗೆ ಸರಿಯಾಗಿ ಇದೆಯೋ ಇಲ್ಲವೋ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.